ತಂತಿಯೂ ಬಳ್ಳಿಯೂ

ಮನೆಯೆಂದ ಮೇಲೆ ದಿನಕ್ಕೊಂದು ವಸ್ತು ಕೆಡುವುದು ಸಹಜ. ನಲ್ಲಿಯ ವಾಷರು ಸವೆದು ರಾತ್ರಿಯೆಲ್ಲ ನೀರು ತೊಟ್ಟಿಕ್ಕುತ್ತದೆ; ಇಸ್ತ್ರಿ ಪೆಟ್ಟಿಗೆ ಕಾಯುವುದನ್ನು ನಿಲ್ಲಿಸುತ್ತದೆ; ನೆಂಟರು ಬಂದ ಸಂಜೆಯೇ ನಡುಮನೆಯ ಟ್ಯೂಬ್‌ಲೈಟು ಕಣ್ಣು ಮಿಟುಕಿಸಲು ಆರಂಭಿಸುತ್ತದೆ. ಇಂತಹ ಸಮಯದಲ್ಲಿ ಮನೆಯ ಯಜಮಾನರು ಎರಡು ಬಗೆಯಾಗಿ ಕಾಣಿಸಿಕೊಳ್ಳುತ್ತಾರೆ. ರಿಪೇರಿಯವನಿಗೆ ಹೇಳಿಕಳುಹಿಸಿ, ಅವನು ಬರುವವರೆಗೂ ಅವನನ್ನು ಬಯ್ಯುತ್ತ ಕುಳಿತುಕೊಳ್ಳುವವರು ಒಂದು ಬಗೆ. ಅಟ್ಟದ ಮೇಲಿನ ಪೆಟ್ಟಿಗೆಯನ್ನು ಇಳಿಸಿ, ಪಂಚೆಯನ್ನು ಮೇಲೆತ್ತಿ ಕಟ್ಟಿ, "ಇದರಲ್ಲೇನಿದೆ ಬ್ರಹ್ಮವಿದ್ಯೆ!" ಎಂದು ಮುಂದಾಗುವವರು ಇನ್ನೊಂದು ಬಗೆ. ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ವಾಸವಾಗಿದ್ದ ಗಣಿತದ ಮೇಷ್ಟ್ರು ಈ ಎರಡನೆಯ ಬಗೆಗೆ ಸೇರಿದವರು.

ಮೇಷ್ಟ್ರು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಬೀಜಗಣಿತ, ರೇಖಾಗಣಿತಗಳನ್ನು ಬೋಧಿಸಿ 1986ರಲ್ಲಿ ನಿವೃತ್ತರಾದರು. ನಿವೃತ್ತಿಯ ಮರುದಿನ ಎಂದಿನಂತೆ ಅಂಗಿ ತೊಟ್ಟು, ಕೊಡೆ ಹಿಡಿದು, ಬಾಗಿಲವರೆಗೆ ಹೋಗಿ, ಅಲ್ಲಿ ನೆನಪಾಗಿ ಹಿಂದಿರುಗಿದರು. ಅವರ ದೃಷ್ಟಿ ಮನೆಯ ಮೇಲೆ ಬಿದ್ದದ್ದು ಅಂದೇ. ಹಿಂಭಾಗದಲ್ಲಿ ಮೂವತ್ತು ಅಡಿ ಅಗಲದ ಹಿತ್ತಿಲು. ಅದರಲ್ಲಿ ಒಂದು ಸೇದುವ ಬಾವಿ, ಬಟ್ಟೆ ಒಗೆಯುವ ಕಲ್ಲು, ಒಂದು ಕರಿಬೇವಿನ ಮರ. ಉಳಿದುದೆಲ್ಲ ಗರಿಕೆ ಮತ್ತು ಕಲ್ಲು. ಮನೆಯ ಒಳಗೆ, 1950ರ ದಶಕದಲ್ಲಿ ಮರದ ಪಟ್ಟಿಗಳ ಮೇಲೆ ಎಳೆದ ವಿದ್ಯುತ್ ತಂತಿಗಳು. ಹಿತ್ತಿಲೂ ತಂತಿಯೂ ತಮ್ಮ ಯಜಮಾನನ ಬಿಡುವಿಗಾಗಿಯೇ ಅಷ್ಟು ವರ್ಷ ಕಾದಿದ್ದಂತೆ ತೋರಿದುವು.

ಒಂದು ತಿಂಗಳೊಳಗೆ ಅವರ ತಂದೆಯ ಕಾಲದ ತಗಡಿನ ಟ್ರಂಕು ಆಯುಧಾಗಾರವಾಯಿತು. ಅದರಲ್ಲಿ ಟೆಸ್ಟರು, ಕಟಿಂಗ್ ಪ್ಲೈಯರು, ಮೂರು ಅಳತೆಯ ಸ್ಕ್ರೂಡ್ರೈವರುಗಳು, ಕಪ್ಪು ಟೇಪಿನ ಸುರುಳಿ, ಒಡೆದ ಸ್ವಿಚ್ಚುಗಳಿಂದ ಕಳಚಿಟ್ಟುಕೊಂಡ ಹಿತ್ತಾಳೆಯ ತಿರುಪುಗಳು ಸೇರಿಕೊಂಡುವು. ಟ್ರಂಕಿನ ಪಕ್ಕದ ಮೂಲೆಯಲ್ಲಿ ಗುದ್ದಲಿ, ಸನಿಕೆ, ಹಾರೆ, ಬಾಂಡಲಿ ಮತ್ತು ಗಿಡ ಕತ್ತರಿಸುವ ಕತ್ತರಿ ನಿಂತವು. ಏನು ಬೇಕಾದರೂ ಆ ಟ್ರಂಕಿನಲ್ಲಿ ಸಿಕ್ಕುತ್ತಿತ್ತು. ಹುಡುಕುವುದಕ್ಕೆ ಮಾತ್ರ ಅರ್ಧ ದಿನ ಹಿಡಿಯುತ್ತಿತ್ತು. ಎಸೆಯಲು ಮನಸ್ಸು ಬಾರದಿರುವುದು ಇಂತಹ ಯಜಮಾನರೆಲ್ಲರಿಗೂ ಸಾಮಾನ್ಯವಾದ ಒಂದು ದೌರ್ಬಲ್ಯ.

ಮೊದಲು ಹಿತ್ತಿಲಿನ ಕೆಲಸ ಆರಂಭವಾಯಿತು. ಅದು ಮೇಷ್ಟ್ರಿಗೆ ಕಲಿಸಿದ ಪಾಠಗಳೆಲ್ಲವೂ ತಪ್ಪುಗಳ ಮೂಲಕವೇ ಬಂದವು. ಹಾಲಿನವಳ ಕೊಟ್ಟಿಗೆಯಿಂದ ಹಸಿ ಸಗಣಿಯನ್ನು ತಂದು ಬದನೆಯ ಸಸಿಗಳ ಬುಡಕ್ಕೆ ಧಾರಾಳವಾಗಿ ಸುರಿದರು. ಸಗಣಿ ಕೊಳೆಯುವಾಗ ಶಾಖ ಹುಟ್ಟುತ್ತದೆ ಎಂಬುದು, ಎಂಟು ದಿನಗಳಲ್ಲಿ ಎಲೆಗಳು ಬಾಡಿದಾಗ ತಿಳಿಯಿತು. ಅನಂತರ ಹಿತ್ತಿಲ ಮೂಲೆಯಲ್ಲಿ ಒಂದು ಗುಂಡಿ ತೋಡಿ, ಒಣಗಿದ ಎಲೆ, ತರಕಾರಿಯ ಸಿಪ್ಪೆ, ಸಗಣಿ, ಮಣ್ಣುಗಳನ್ನು ಪದರ ಪದರವಾಗಿ ತುಂಬಿ ಆರು ತಿಂಗಳು ಮುಚ್ಚಿಟ್ಟರು. ತೆಗೆದು ನೋಡಿದಾಗ ಸಗಣಿಯ ವಾಸನೆ ಹೋಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬಂದಿತ್ತು. ಅಂದು ಆ ಗೊಬ್ಬರವನ್ನು ಅಂಗೈಯಲ್ಲಿ ಹಿಡಿದು ಮಡದಿಗೂ, ಪಕ್ಕದ ಮನೆಯವರಿಗೂ, ಅಂಚೆಯವನಿಗೂ ತೋರಿಸಿದರು.

ಗುಲಾಬಿಯನ್ನು ನಡುಬೇಸಗೆಯಲ್ಲಿ ಸವರಿ ಒಣಗಿಸಿದುದು, ಮಳೆಗಾಲ ಕಳೆದ ಮೇಲೆ ಸವರಬೇಕೆಂದು ಕಲಿತುದು. ಆಸೆಯಿಂದ ಬೆಳೆಸಿದ ಪಪಾಯಿ ಗಿಡ ಉದ್ದುದ್ದ ಜಾಲರಿಯಂತೆ ಹೂ ಬಿಟ್ಟು, ಅದು ಕಾಯಿ ಕಚ್ಚದ ಗಂಡುಗಿಡವೆಂದು ಗೊತ್ತಾದುದು, ಇವೆಲ್ಲ ಸಣ್ಣ ಕಥೆಗಳು. ಮಾವಿನ ಕಥೆ ಮಾತ್ರ ದೊಡ್ಡದು. ಮೊದಲ ಮಳೆಗಾಲದಲ್ಲೇ ಕಸಿಮಾಡಿದ ಬಾದಾಮಿ ಮಾವಿನ ಸಸಿಯೊಂದನ್ನು ತಂದು, ಮೂರಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ನೆಟ್ಟರು. ಗಾಳಿಗೆ ಬೀಳದಿರಲೆಂದು ಕಸಿಯ ಗಂಟು ಮುಚ್ಚುವವರೆಗೂ ಮಣ್ಣು ಏರಿಸಿದರು. ಕಸಿಗಿಡವೆಂದರೆ ಎರಡು ಗಿಡಗಳ ಸಂಸಾರ. ಕೆಳಗಿನದು ಬೇರು ಕೊಡುವ ಕಾಡುಮಾವು, ಮೇಲಿನದು ಹಣ್ಣು ಕೊಡುವ ಬಾದಾಮಿ. ಗಂಟಿನ ಕೆಳಗಿನಿಂದ ಹೊರಟ ಚಿಗುರನ್ನು ಆಗಿಂದಾಗ್ಗೆ ಚಿವುಟಿ ಹಾಕದಿದ್ದರೆ ಬೇರಿನ ಗಿಡವೇ ಮನೆಯ ಯಜಮಾನಿಕೆ ವಹಿಸುತ್ತದೆ. ಮಣ್ಣಿನಲ್ಲಿ ಹೂತ ಗಂಟನ್ನು ನೋಡುವವರು ಯಾರು? ಮೇಷ್ಟ್ರು ಆ ಹುಲುಸಾದ ಚಿಗುರನ್ನು ಕಂಡು ಹಿಗ್ಗಿ, ಅದಕ್ಕೆ ಇನ್ನೊಂದು ಕೊಡ ನೀರು ಹೊಯ್ದರು. ಐದನೆಯ ವರ್ಷ ಬಿಟ್ಟ ಹಣ್ಣು ಬರಿಯ ನಾರು, ಬಾಯಿಗಿಟ್ಟರೆ ಹುಳಿ. "ಉಪ್ಪಿನಕಾಯಿಗೆ ಬಹಳ ಒಳ್ಳೆಯದು" ಎಂದು ಮಡದಿ ಸಮಾಧಾನ ಹೇಳಿದರು. ಮೇಷ್ಟ್ರು ಪಕ್ಕದಲ್ಲಿಯೇ ಇನ್ನೊಂದು ಗುಂಡಿ ತೋಡಿದರು.

ಹಿತ್ತಿಲಿನ ಸ್ವಭಾವವೇ ಹಾಗೆ. ಅಲ್ಲಿ ತಪ್ಪಿದವನಿಗೆ ಒಂದು ಋತುವೋ ಐದು ವರ್ಷವೋ ನಷ್ಟವಾಗಬಹುದು. ಆದರೆ ಮುಂದಿನ ಮಳೆ ಬಂದೇ ಬರುತ್ತದೆ, ಸಸಿ ದೊರೆತೇ ದೊರೆಯುತ್ತದೆ. ತಪ್ಪು ಮಾಡಿ ಕಲಿಯುವುದೆಂಬ ಈ ಕ್ರಮವನ್ನೇ ಮೇಷ್ಟ್ರು ಹಿತ್ತಿಲಿನಿಂದ ಮನೆಯೊಳಗಿನ ತಂತಿಗೂ ಕೊಂಡೊಯ್ದರು.

ಅಲ್ಲಿ ಮೊದಮೊದಲು ಸಿಕ್ಕಿದ್ದೆಲ್ಲ ಜಯವೇ. ನಡುಮನೆಯ ಫ್ಯಾನು ವರ್ಷಗಳಿಂದ ತೂಕಡಿಸುವವನಂತೆ ತಿರುಗುತ್ತಿತ್ತು. ಮೇನ್ ಸ್ವಿಚ್ಚು ತೆಗೆದು, ಮೇಜಿನ ಮೇಲೆ ಸ್ಟೂಲಿಟ್ಟು ಹತ್ತಿ, ಅದರ ಕಂಡೆನ್ಸರನ್ನು ಬದಲಾಯಿಸಿದರು. ಫ್ಯಾನು ಹೊಸದರಂತೆ ಬೀಸತೊಡಗಿ, ಮೇಜಿನ ಮೇಲಿದ್ದ ಪತ್ರಿಕೆಯ ಹಾಳೆಗಳೆಲ್ಲ ಅಂಗಳಕ್ಕೆ ಹಾರಿಹೋದುವು. ಮಿಟುಕುವ ಟ್ಯೂಬ್‌ಲೈಟಿಗೆ ಸ್ಟಾರ್ಟರು, ಕರೆಯದ ಕರೆಗಂಟೆಗೆ ಹೊಸ ಗುಂಡಿ, ಕಾಯದ ಇಸ್ತ್ರಿ ಪೆಟ್ಟಿಗೆಗೆ ಹೊಸ ಎಲಿಮೆಂಟು ಹೀಗೆ ಒಂದೊಂದೂ ಅವರ ಕೈಯಲ್ಲಿ ಮರುಜನ್ಮ ಪಡೆಯಿತು. ಬೀದಿಯ ನಾಲ್ಕಾರು ಮನೆಗಳಿಂದ ಕರೆ ಬರತೊಡಗಿತು. ರಿಪೇರಿ ನಡೆಯುವಾಗ ಸುತ್ತ ನಿಂತ ಮಕ್ಕಳಿಗೆ ಅವರು ಕಥೆ ಹೇಳುತ್ತಿದ್ದರು: 1902ರಲ್ಲಿ ಶಿವನಸಮುದ್ರದ ಜಲಪಾತದ ಬಳಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಗಳಿಗೆ ತಲುಪಿದುದು, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದುದು. ಅಷ್ಟು ದೂರದಿಂದ ಬಂದ ಅತಿಥಿ ತಮ್ಮ ಮಾತನ್ನು ಕೇಳುತ್ತಾನೆಂಬ ಹೆಮ್ಮೆ ಆ ಕಥೆಯಲ್ಲಿ ಸ್ವಲ್ಪ ಬೆರೆತಿತ್ತು.

ಹೀಗಿರಲು, ಫ್ಯೂಸು ಮೇಲಿಂದ ಮೇಲೆ ಹೋಗತೊಡಗಿತು. ಆಗಿನ ಮನೆಗಳಲ್ಲಿ ಪಿಂಗಾಣಿಯ ಬಿಲ್ಲೆಯೊಂದಕ್ಕೆ ತೆಳುವಾದ ತಂತಿಯ ಎಳೆಯನ್ನು ಬಿಗಿದು, ಅದನ್ನು ಫ್ಯೂಸೆಂದು ಹಲಗೆಯಲ್ಲಿ ಸಿಕ್ಕಿಸುತ್ತಿದ್ದರು. ಮನೆಯ ತಂತಿಗಳು ತಾಳಲಾರದಷ್ಟು ವಿದ್ಯುತ್ತು ಹರಿದಾಗ ಈ ಎಳೆ ಕಾದು ಕರಗಿ ತುಂಡಾಗುತ್ತದೆ, ಹರಿವು ನಿಲ್ಲುತ್ತದೆ. ಉಳಿದುದು ಸುಡಬಾರದೆಂದು ತಾನು ಸುಟ್ಟುಹೋಗುವುದೇ ಅದರ ಉದ್ಯೋಗ. ಇಸ್ತ್ರಿ ಪೆಟ್ಟಿಗೆಯೂ ಹೊಸದಾಗಿ ತಂದ ನೀರಿನ ಪಂಪೂ ದೀಪಗಳ ಸಾಲಿನ ಮೇಲೆಯೇ ಒಟ್ಟಿಗೆ ನಡೆದಾಗಲೆಲ್ಲ 5 ಆಂಪಿಯರಿನ ಆ ಎಳೆ ಪ್ರಾಮಾಣಿಕವಾಗಿ ಕರಗುತ್ತಿತ್ತು. ತರಗತಿಯಲ್ಲಿ "ಉತ್ತರ ಬೇಡ, ಕಾರಣ ಹೇಳು" ಎಂದು ಹುಡುಗರನ್ನು ನಿಲ್ಲಿಸುತ್ತಿದ್ದ ಮೇಷ್ಟ್ರು ಇಲ್ಲಿ ಕಾರಣವನ್ನು ಕೇಳಲಿಲ್ಲ. ಹಳೆಯ ವೈರಿನಿಂದ ಏಳೆಂಟು ತಾಮ್ರದ ಎಳೆಗಳನ್ನು ತೆಗೆದು, ಹುರಿಮಾಡಿ, ಬಿಲ್ಲೆಗೆ ಬಿಗಿದರು. ಅಂದಿನಿಂದ ಫ್ಯೂಸು ಹೋಗಲಿಲ್ಲ. "ನೋಡಿದೆಯಾ, ಗಟ್ಟಿ ಕೆಲಸ!" ಎಂದರು ಮಡದಿಗೆ.

ಪಂಪಿನ ವಿಷಯಕ್ಕೆ ಬರಬೇಕು. ಗಿಡಗಳು ಹೆಚ್ಚಿದಂತೆ ಬಾವಿಯಿಂದ ಸೇದಿ ಹಾಕುವುದು ಇಬ್ಬರಿಗೂ ಕಷ್ಟವಾಗಿ, 1990ರಲ್ಲಿ ಅರ್ಧ ಅಶ್ವಶಕ್ತಿಯ ಪಂಪೊಂದನ್ನು ಕೊಂಡು, ಬಾವಿಯ ಕಟ್ಟೆಯ ಬಳಿ ಮರದ ಹಲಗೆಯ ಮೇಲೆ ಕೂರಿಸಿದರು. ಬಾವಿಗೆ ಇಳಿಬಿಟ್ಟುದು ರಬ್ಬರಿನ ಕೊಳವೆ. ಪಂಪಿನಿಂದ ಹೊರಟ ಕಬ್ಬಿಣದ ಪೈಪು ಒಂದು ಕಬ್ಬಿಣದ ತೊಟ್ಟಿಯ ಅಂಚಿಗೆ ತಾಗಿ ನಿಂತಿತ್ತು. ಪಂಪಿನ ವೈರಿನಲ್ಲಿ ಮೂರು ತಂತಿಗಳಿದ್ದುವು. ಹಿತ್ತಿಲಿಗೆ ಎಳೆಯಲು ಮೇಷ್ಟ್ರ ಟ್ರಂಕಿನಲ್ಲಿದ್ದ ವೈರಿನಲ್ಲಿ ಇದ್ದುದು ಎರಡೇ. ಎರಡಕ್ಕೆ ಎರಡನ್ನು ಜೋಡಿಸಿದರು. ಹಸಿರು ಬಣ್ಣದ ಮೂರನೆಯದನ್ನು ಕತ್ತರಿಸಿ, ಟೇಪು ಸುತ್ತಿ, ಮಡಚಿ ಇಟ್ಟರು. ಪಂಪು ತಿರುಗಿತು, ನೀರು ಬಂತು. ಇಲ್ಲದಿದ್ದರೂ ನಡೆಯುವ ತಂತಿಯನ್ನು ತಯಾರಿಸುವವರು ಏಕೆ ಹಾಕುತ್ತಾರೋ ಎಂದು ಅವರಿಗೆ ಒಂದು ಕ್ಷಣ ಆಶ್ಚರ್ಯವಾಯಿತಂತೆ. ಆ ಆಶ್ಚರ್ಯ ಒಂದೇ ಕ್ಷಣಕ್ಕೆ ನಿಂತುಹೋದುದು ದುರ್ದೈವ.

ಮರುವರ್ಷದ ಬೇಸಗೆಯಲ್ಲಿ ಮಡದಿ ಎರಡು ಸಲ ಹೇಳಿದರು: "ತೊಟ್ಟಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ, ಸ್ವಲ್ಪ ನೋಡಿ ಅಂದರೆ." ಮೇಷ್ಟ್ರು ಬಂದು ಪಂಪಿನ ಮೇಲೆ ಅಂಗೈಯಿಟ್ಟು ನೋಡಿದರು. "ಎಲ್ಲಿ? ನನಗೇನೂ ಆಗುತ್ತಿಲ್ಲವಲ್ಲ!" ಎಂದರು. ಅವರ ಕಾಲಿನಲ್ಲಿ ರಬ್ಬರಿನ ಚಪ್ಪಲಿ ಇತ್ತು. ನಿಂತುದು ಒಣನೆಲದ ಮೇಲೆ. ಮಡದಿ ಬಟ್ಟೆ ಒಗೆದ ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತಿದ್ದರು. ಟೆಸ್ಟರು ಮೇಷ್ಟ್ರ ಅಂಗಿಯ ಜೇಬಿನಲ್ಲಿಯೇ ಇತ್ತು. ಅದನ್ನು ತೆಗೆದು ಪಂಪಿಗೆ ಮುಟ್ಟಿಸಿದ್ದರೆ ಅದರ ಪುಟ್ಟ ದೀಪ ಉತ್ತರ ಹೇಳುತ್ತಿತ್ತು.

1991ರ ಮೇ ತಿಂಗಳ ಒಂದು ಬೆಳಗ್ಗೆ ಮೇಷ್ಟ್ರು ಹಿತ್ತಿಲ ಚಪ್ಪರಕ್ಕೆ ಮಲ್ಲಿಗೆಯ ಬಳ್ಳಿಯನ್ನು ಕಟ್ಟುತ್ತಿದ್ದರು. ಪಂಪು ಓಡುತ್ತಿತ್ತು. ರಜೆಗೆಂದು ಹಾಸನದಿಂದ ಬಂದಿದ್ದ ಮೊಮ್ಮಗಳು, ಎಂಟನೆಯ ತರಗತಿ ಮುಗಿಸಿ ಒಂಬತ್ತಕ್ಕೆ ಹೋಗುವ ಹುಡುಗಿ, ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತು ಕಾಕಡ ಕಟ್ಟುತ್ತಿದ್ದಳು. ಹಾಲಿನವಳ ಕರು ದಿನವೂ ಬೇಲಿಯ ಸಂದಿನಿಂದ ನುಸುಳಿ ಬರುವ ಅಭ್ಯಾಸವಿತ್ತು. ಮೂರು ತಿಂಗಳಿನದು, ಹಣೆಯ ಮೇಲೆ ಬಿಳಿಯ ಬೊಟ್ಟು. ಅದು ಬಂದು ತೊಟ್ಟಿಗೆ ಮೂತಿಯಿಟ್ಟಿತು. ಕೂಗಲಿಲ್ಲ. ನಾಲ್ಕು ಕಾಲುಗಳೂ ಸೆಟೆದು, ತೊಟ್ಟಿಗೆ ಒರಗಿದಂತೆಯೇ ಕುಸಿಯಿತು.

"ಅಯ್ಯೋ, ಕರುವಿಗೇನಾಯಿತು!" ಎಂದು ಅಜ್ಜಿ ಬಟ್ಟೆಯನ್ನು ಕೈಬಿಟ್ಟು, ಒದ್ದೆ ಕೈಯಲ್ಲಿಯೇ ಅದರ ಕಡೆಗೆ ಬಾಗಿದರು.

"ಮುಟ್ಟಬೇಡ ಅಜ್ಜಿ! ಮುಟ್ಟಬೇಡ!"

ಆ ಹುಡುಗಿಯ ಕಂಠದಿಂದ ಅಂತಹ ಕೂಗು ಹೊರಟುದನ್ನು ಮನೆಯವರು ಅದಕ್ಕೆ ಮೊದಲೂ ಅನಂತರವೂ ಕೇಳಿಲ್ಲ. ಅಜ್ಜಿಯ ಕೈ ಗೇಣುದ್ದದಲ್ಲಿ ನಿಂತಿತು. ಹುಡುಗಿ ಒಳಕ್ಕೆ ಓಡಿ, ಜಗಲಿಯ ಗೋಡೆಯ ಮೇಲಿದ್ದ ಮೇನ್ ಸ್ವಿಚ್ಚನ್ನು ಎಳೆದಳು. ಪಂಪಿನ ಸದ್ದು ಇಳಿಯುತ್ತ ಇಳಿಯುತ್ತ ನಿಂತಿತು. ಕರು ಪಕ್ಕಕ್ಕೆ ಉರುಳಿತು. ಏಣಿಯಿಂದ ಇಳಿದು ಬಂದ ಮೇಷ್ಟ್ರು ಅದರ ಎದೆಯ ಮೇಲೆ ಕೈಯಿಟ್ಟು ನೋಡಿದರು. ಅವರ ಬೆರಳುಗಳಲ್ಲಿ ಬಳ್ಳಿ ಕಟ್ಟುತ್ತಿದ್ದ ಬಾಳೆಯ ನಾರು ಇನ್ನೂ ಇತ್ತು.

ಹಾಲಿನವಳು ಬಂದು ನೋಡಿದಳು. ಗದ್ದಲ ಮಾಡಲಿಲ್ಲ. ಕರುವಿನ ಕಿವಿಯನ್ನು ಸವರಿ, "ನೀರಿಗೆ ಬಂದದ್ದು ಸ್ವಾಮಿ" ಎಂದಷ್ಟೇ ಹೇಳಿದಳು. ಮೇಷ್ಟ್ರು ಅದರ ಬೆಲೆಯನ್ನು ಕೊಟ್ಟರು. ಮೊದಲು ಬೇಡವೆಂದವಳು, ಮನೆಯಲ್ಲಿ ಕಷ್ಟವಿದ್ದುದರಿಂದ ತೆಗೆದುಕೊಂಡಳು. ಕರುವಿಲ್ಲದೆ ಹಸು ಹಾಲು ಇಳಿಸಲಿಲ್ಲ. ವಾರದವರೆಗೂ ಅದು ಬೇಲಿಯ ಆಚೆ ನಿಂತು ಕೂಗುತ್ತಿತ್ತು. ಆ ಕೂಗು ಕೇಳಿಸಿದಾಗಲೆಲ್ಲ ಮೇಷ್ಟ್ರು ಓದುತ್ತಿದ್ದ ಪತ್ರಿಕೆಯನ್ನು ಮಡಚಿ ಒಳಗೆ ಹೋಗುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ, ಮಡದಿ ಎರಡು ಸಲ ಹೇಳಿದ್ದ ಮಾತು ಅವರನ್ನು ಸುಡುತ್ತಿತ್ತು. ಮಡದಿ ಅದನ್ನು ಮೂರನೆಯ ಸಲ ಎತ್ತಲಿಲ್ಲ.

ನಾಲ್ಕನೆಯ ದಿನ ವೈರ್‌ಮನ್ ಬಂದನು. ಅವನು ಮೇಷ್ಟ್ರ ಹಳೆಯ ವಿದ್ಯಾರ್ಥಿ. ಗಣಿತದಲ್ಲಿ ಎರಡು ಸಲ ಅನುತ್ತೀರ್ಣನಾಗಿ, ಅನಂತರ ಐ.ಟಿ.ಐ. ಸೇರಿ ಪರವಾನಗಿ ಪಡೆದವನು. ಮೇಷ್ಟ್ರ ಮುಂದೆ ಕುರ್ಚಿಯಲ್ಲಿ ಕೂರಲು ಅವನಿಗೆ ಇನ್ನೂ ಸಂಕೋಚ. ಮೇಷ್ಟ್ರು, "ಬಾರಯ್ಯ, ನಾನು ಏನೇನು ಮಾಡಿದ್ದೇನೋ ಎಲ್ಲವನ್ನೂ ತೋರಿಸುತ್ತೇನೆ. ಒಂದನ್ನೂ ಮುಚ್ಚಿಡುವುದಿಲ್ಲ" ಎಂದರು. ಅವನು ಅರ್ಧ ದಿನ ಪರೀಕ್ಷಿಸಿ, ಕಳಚಿದ ತಂತಿಗಳನ್ನು ನಡುಮನೆಯ ನೆಲದ ಮೇಲೆ ಸಾಲಾಗಿ ಹರಡಿದನು.

ಮೊದಲು ಅವನು ತೋರಿಸಿದುದು ಪಂಪಿನ ತಂತಿ. ಒಳಗಿನ ಸುರುಳಿಗೆ ನೀರಿನ ತೇವ ತಗುಲಿ, ಹೊದಿಕೆ ಹಾಳಾಗಿ, ವಿದ್ಯುತ್ತು ಪಂಪಿನ ಲೋಹದ ಮೈಗೆ ಹರಿದಿತ್ತು. ಇಂತಹ ಸಮಯಕ್ಕೆಂದೇ ಇರುವುದು ಹಸಿರು ತಂತಿ. ಮೈಗೆ ಬಂದ ವಿದ್ಯುತ್ತನ್ನು ಅದು ನೇರವಾಗಿ ಭೂಮಿಗೆ ಇಳಿಸುತ್ತದೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ಪಿನ್ನು ಉಳಿದೆರಡಕ್ಕಿಂತ ಉದ್ದವಾಗಿಯೂ ದಪ್ಪವಾಗಿಯೂ ಇರುವುದು ಅಂದಕ್ಕಾಗಿಯಲ್ಲ. ಉದ್ದವಿರುವುದರಿಂದ ಸಿಕ್ಕಿಸುವಾಗ ಅದು ಮೊದಲು ಸೇರುತ್ತದೆ, ಕೀಳುವಾಗ ಕೊನೆಗೆ ಬಿಡುತ್ತದೆ. ದಪ್ಪವಿರುವುದರಿಂದ ಬೇರೆ ರಂಧ್ರದೊಳಗೆ ಹೋಗಲಾರದು. ಎಲ್ಲವೂ ಸರಿಯಿದ್ದಾಗ ಅದಕ್ಕೆ ಕೆಲಸವೇ ಇಲ್ಲ. ಅದರಿಂದಲೇ ಅದನ್ನು ಕತ್ತರಿಸಿದವನಿಗೆ ಪಂಪು ಎಂದಿನಂತೆ ಓಡುವುದು ಕಾಣುತ್ತದೆ.

"ದಪ್ಪ ಫ್ಯೂಸು ಹಾಕಿದ್ದರಿಂದ ಕರು ಸತ್ತಿತೇ?" ಎಂದು ಮೇಷ್ಟ್ರು ಕೇಳಿದರು.

"ಇಲ್ಲ ಸಾರ್. ದಪ್ಪ ಫ್ಯೂಸಿನಿಂದ ಮನೆ ಸುಡುತ್ತಿತ್ತು" ಎಂದು ಅವನು ಮರದ ಪಟ್ಟಿಯ ಮೇಲಿಂದ ತೆಗೆದ ವೈರೊಂದನ್ನು ಕೈಗೆ ಕೊಟ್ಟನು. ಅದರ ಹೊದಿಕೆ ಬೆಂದು, ಬಿರುಕು ಬಿಟ್ಟು, ಮುಟ್ಟಿದರೆ ಉದುರುತ್ತಿತ್ತು. "ಜೀವದ ಮಾತು ಬೇರೆ. ಸರಿಯಾದ ಫ್ಯೂಸು ಇದ್ದಿದ್ದರೂ ಕರು ಉಳಿಯುತ್ತಿರಲಿಲ್ಲ. ಒದ್ದೆ ಮೈಯ ತಡೆ 1000 ಓಮ್ ಎಂದು ಇಟ್ಟುಕೊಳ್ಳಿ. ಮನೆಗೆ ಬರುವ ವೋಲ್ಟೇಜು 230. ಲೆಕ್ಕ ನೀವೇ ಮಾಡಿ ಸಾರ್."

ಅದು ಬಾಯಿಲೆಕ್ಕ. 230ನ್ನು 1000ದಿಂದ ಭಾಗಿಸಿದರೆ 0.23 ಆಂಪಿಯರ್, ಎಂದರೆ 230 ಮಿಲಿಆಂಪಿಯರ್. 60 ವಾಟಿನ ಬಲ್ಬೊಂದು ಉರಿಯಲು ಬೇಕಾದುದು ಇದಕ್ಕಿಂತ ತುಸು ಹೆಚ್ಚು. 5 ಆಂಪಿಯರಿನ ಫ್ಯೂಸಿಗೆ ಇದು ಯಾವ ಲೆಕ್ಕಕ್ಕೂ ಇಲ್ಲದ ಹರಿವು. ಅದು ಬೆಚ್ಚಗೂ ಆಗುವುದಿಲ್ಲ. ಆದರೆ ಕೆಲವೇ ಮಿಲಿಆಂಪಿಯರುಗಳು ಕೈಯ ಸ್ನಾಯುಗಳನ್ನು ಬಿಗಿದು, ಹಿಡಿದುದನ್ನು ಬಿಡಲಾಗದಂತೆ ಮಾಡುತ್ತವೆ. ಅದರ ಹತ್ತರಷ್ಟಾದರೆ ಹೃದಯದ ಬಡಿತ ತಾಳತಪ್ಪಿ ನಿಲ್ಲುತ್ತದೆ. ಮೇಷ್ಟ್ರು ಉತ್ತರವನ್ನು ಗಟ್ಟಿಯಾಗಿ ಹೇಳಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಡದಿಯ ಬರಿಗಾಲುಗಳನ್ನು ಒಮ್ಮೆ ನೋಡಿ, ತಲೆ ತಗ್ಗಿಸಿದರು. ಜೀವನವೆಲ್ಲ ಇನ್ನೊಬ್ಬರ ಲೆಕ್ಕ ತಿದ್ದಿದವರಿಗೆ ತಮ್ಮ ಲೆಕ್ಕ ಇಷ್ಟು ತಡವಾಗಿ ಎದುರಾಗಬಾರದಿತ್ತು.

ವೈರ್‌ಮನ್ ಅನಂತರ ಮನೆಯ ಸುತ್ತ ಏನನ್ನೋ ಹುಡುಕುತ್ತ ನಡೆದನು. "ಇಲ್ಲಿ ಅರ್ಥಿಂಗ್ ಗುಂಡಿ ಇರಬೇಕಲ್ಲ ಸಾರ್?" ಎಂದು ಕೇಳಿದನು. ಬಚ್ಚಲ ಮನೆಯ ಹಿಂದೆ ಸಿಮೆಂಟಿನ ಸಣ್ಣ ಮುಚ್ಚಳವೊಂದು ಇದ್ದುದು ಮೇಷ್ಟ್ರಿಗೆ ಆಗ ನೆನಪಾಯಿತು. ಯಾವುದೋ ಹಾಳು ಗುಂಡಿಯೆಂದು ಅದರ ಮೇಲೆ ಗುಲಾಬಿಯ ದೊಡ್ಡ ಕುಂಡವನ್ನು ಇಟ್ಟು ನಾಲ್ಕು ವರ್ಷಗಳಾಗಿದ್ದುವು. ಕುಂಡವನ್ನು ಸರಿಸಿ, ಮುಚ್ಚಳ ತೆಗೆದು ನೋಡಿದರು. ಮನೆ ಕಟ್ಟಿದವರು ಆಳವಾಗಿ ತೋಡಿ, ಕಬ್ಬಿಣದ ಪೈಪು ನಿಲ್ಲಿಸಿ, ಸುತ್ತಲೂ ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬಿದ್ದರು. ಮನೆಯ ಹಸಿರು ತಂತಿಗಳೆಲ್ಲ ಕೊನೆಗೆ ಬಂದು ಸೇರುವ ಸ್ಥಳ ಅದು. ಇದ್ದಿಲೂ ಉಪ್ಪೂ ತೇವವನ್ನು ಹಿಡಿದಿಟ್ಟುಕೊಂಡರೆ ಮಾತ್ರ ಭೂಮಿ ವಿದ್ಯುತ್ತನ್ನು ಸುಲಭವಾಗಿ ಬರಮಾಡಿಕೊಳ್ಳುತ್ತದೆ; ಒಣಗಿದ ಮಣ್ಣು ಅದಕ್ಕೆ ದಾರಿ ಬಿಡುವುದಿಲ್ಲ. ಆದುದರಿಂದ ಬೇಸಗೆಯಲ್ಲಿ ಆ ಗುಂಡಿಗೂ ನೀರು ಹೊಯ್ಯಬೇಕು. ಮೇಷ್ಟ್ರ ಗುಂಡಿ ಬಿರುಕುಬಿಟ್ಟಿತ್ತು. ಪೈಪಿಗೆ ಬಿಗಿದಿದ್ದ ತಂತಿ ತುಕ್ಕು ತಿಂದು ತುಂಡಾಗಿತ್ತು. ಹಿತ್ತಿಲಿನಲ್ಲಿ ಬದನೆ, ಮಲ್ಲಿಗೆ, ಕನಕಾಂಬರಗಳಿಗೆಲ್ಲ ಎರಡು ಹೊತ್ತು ನೀರುಣಿಸಿದ ಕೈ ಆ ಒಂದು ಗುಂಡಿಗೆ ಒಂದು ಚೆಂಬನ್ನೂ ಹಾಕಿರಲಿಲ್ಲ.

ಒಂದು ವಾರ ಕೆಲಸ ನಡೆಯಿತು. ತಂತಿಗಳು ಬದಲಾದುವು, ಪಂಪಿಗೆ ಬೇರೆಯೇ ಸಾಲು ಬಂತು, ಅರ್ಥಿಂಗ್ ಗುಂಡಿಗೆ ಹೊಸ ಪೈಪು, ಹೊಸ ಇದ್ದಿಲು, ಹೊಸ ಉಪ್ಪು ಬಿದ್ದುವು. ಮೇನ್ ಸ್ವಿಚ್ಚಿನ ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆಯನ್ನೂ ವೈರ್‌ಮನ್ ಕೂರಿಸಿದನು. ಮನೆಯೊಳಕ್ಕೆ ಹೋದ ವಿದ್ಯುತ್ತು ಅಷ್ಟೇ ಪ್ರಮಾಣದಲ್ಲಿ ಹಿಂದಿರುಗಿತೇ ಎಂದು ಅದು ಸದಾ ಅಳೆಯುತ್ತಿರುತ್ತದೆ. ಹಿಂದಿರುಗುವುದರಲ್ಲಿ 30 ಮಿಲಿಆಂಪಿಯರಿನಷ್ಟು ಕಡಿಮೆಯಾದರೆ, ಅದು ಯಾರದೋ ಮೈಯ ಮೂಲಕ ಭೂಮಿಗೆ ಹೋಗುತ್ತಿರಬಹುದೆಂದು ಭಾವಿಸಿ, ಕಣ್ಣು ಮಿಟುಕಿಸುವಷ್ಟರಲ್ಲಿ ಸಂಪರ್ಕವನ್ನು ಕಡಿಯುತ್ತದೆ. ಇಂದು ಹೊಸ ಮನೆಗಳಲ್ಲಿ ಫ್ಯೂಸಿನ ಸ್ಥಾನಕ್ಕೆ ಎಂ.ಸಿ.ಬಿ. ಬಂದಿದೆ. ಅದು ತಂತಿಯನ್ನು ಕಾಯುವ ಕಾವಲುಗಾರ. ಮನುಷ್ಯನನ್ನು ಕಾಯುವ ಈ ಎರಡನೆಯ ಪೆಟ್ಟಿಗೆಯನ್ನು ಆರ್.ಸಿ.ಸಿ.ಬಿ. ಎನ್ನುತ್ತಾರೆ. ಒಂದಿದೆಯೆಂದು ಇನ್ನೊಂದನ್ನು ಬಿಡುವವರು ಇಂದಿಗೂ ಇದ್ದಾರೆ.

ಮೇಷ್ಟ್ರು ಟ್ರಂಕನ್ನು ಅಟ್ಟಕ್ಕೆ ಏರಿಸಿಬಿಡುವರೆಂದು ಮನೆಯವರು ಎಣಿಸಿದ್ದರು. ಹಾಗಾಗಲಿಲ್ಲ. ವೈರ್‌ಮನ್‌ನಿಂದ ಅವರು ಒಂದು ಪುಸ್ತಕವನ್ನು ಎರವಲು ಪಡೆದು, ಆಗ ಜಾರಿಯಲ್ಲಿದ್ದ 1956ರ ಭಾರತೀಯ ವಿದ್ಯುತ್ ನಿಯಮಗಳನ್ನು ಓದಿದರು. ದೀಪ, ಫ್ಯಾನು, ಫ್ಯೂಸು, ಸ್ವಿಚ್ಚು ಮೊದಲಾದವನ್ನು, ಮನೆಯ ವಿದ್ಯುತ್ ವ್ಯವಸ್ಥೆಯ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಬದಲಾಗದಂತೆ, ಇದ್ದುದರ ಜಾಗದಲ್ಲಿ ಅಂತಹದನ್ನೇ ಹಾಕುವುದಕ್ಕೆ ಅಲ್ಲಿ ಅಡ್ಡಿಯಿರಲಿಲ್ಲ. ಅದರಾಚೆಯ ಕೆಲಸಕ್ಕೆ ಪರವಾನಗಿ ಪಡೆದವನೇ ಬೇಕು. ಗೆರೆ ಎಳೆಯುವುದು ಗಣಿತದವರಿಗೆ ಪ್ರಿಯವಾದ ಕೆಲಸ. ಮೇಷ್ಟ್ರು ಒಂದು ಕಾಗದವನ್ನು ಎರಡು ಭಾಗ ಮಾಡಿ, ಯಾವುದು ತಮ್ಮದು, ಯಾವುದು ಅಲ್ಲ ಎಂದು ಬರೆದು ಟ್ರಂಕಿನ ಮುಚ್ಚಳದ ಒಳಭಾಗಕ್ಕೆ ಅಂಟಿಸಿದರು. ಬಲ್ಬು, ಸ್ಟಾರ್ಟರು, ಸರಿಯಾದ ಅಳತೆಯ ಫ್ಯೂಸು ಎಡಕ್ಕೆ ಬಂದವು. ಪಂಪು, ಹೊಸ ಸಾಲು, ಬಚ್ಚಲ ಮನೆಯ ಯಾವುದೇ ತಂತಿ ಬಲಕ್ಕೆ. ಕರೆಗಂಟೆಯನ್ನು ಎಲ್ಲಿ ಬರೆಯಬೇಕೆಂದು ಎರಡು ದಿನ ಯೋಚಿಸಿದರು. ತಮ್ಮದೆಂದು ಬರೆದ ಕೆಲಸಕ್ಕೂ ಮೇನ್ ಸ್ವಿಚ್ಚು ತೆಗೆದ ಮೇಲೆ ಟೆಸ್ಟರು ಮುಟ್ಟಿಸಿ ನೋಡದೆ ಕೈ ಹಾಕುತ್ತಿರಲಿಲ್ಲ. ಫ್ಯೂಸು ಹೋದರೆ, ಬಿಲ್ಲೆಯನ್ನು ಕೈಗೆ ತೆಗೆದುಕೊಳ್ಳುವ ಮೊದಲು ಮನೆಯವರನ್ನೆಲ್ಲ ಕರೆದು, "ಈಗ ಏನೇನು ಓಡುತ್ತಿತ್ತು?" ಎಂದು ವಿಚಾರಣೆ ನಡೆಸುತ್ತಿದ್ದರು. ಅಡಿಗೆಮನೆಯಿಂದ ಬರಲು ತಡವಾದರೆ ಮಡದಿಗೂ ವಿನಾಯಿತಿ ಇರಲಿಲ್ಲ.

ಹೊಸ ಪೆಟ್ಟಿಗೆಯ ಮೇಲೆ ಒಂದು ಪುಟ್ಟ ಪರೀಕ್ಷಾ ಗುಂಡಿ ಇತ್ತು. ಅದನ್ನು ಒತ್ತಿದರೆ ಪೆಟ್ಟಿಗೆ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತದೆಯೇ ಎಂಬುದು ತಿಳಿಯುತ್ತದೆ. ಪ್ರತಿ ತಿಂಗಳ ಮೊದಲ ದಿನ ಮೇಷ್ಟ್ರು ಅದನ್ನು ಒತ್ತುತ್ತಿದ್ದರು. ಫ್ಯಾನು ನಿಲ್ಲುತ್ತಿತ್ತು, ರೇಡಿಯೋ ಹಾಡಿನ ನಡುವೆ ಮೌನವಾಗುತ್ತಿತ್ತು, ಮಿಕ್ಸಿಯಲ್ಲಿ ಚಟ್ನಿ ಅರ್ಧಕ್ಕೆ ನಿಲ್ಲುತ್ತಿತ್ತು. ಬೇರೆ ವಿಷಯಗಳಿಗೆ ಗೊಣಗುತ್ತಿದ್ದ ಮಡದಿ ಇದಕ್ಕೆ ಒಂದು ದಿನವೂ ಗೊಣಗಲಿಲ್ಲ.

ಹಿತ್ತಿಲಿನ ಕೆಲಸ ಮೊದಲಿನಂತೆಯೇ ಸಾಗಿತು, ತಪ್ಪುಗಳೂ ಮೊದಲಿನಂತೆಯೇ. ಎರಡನೆಯ ಮಾವಿನ ಸಸಿಯ ಕಸಿಗಂಟನ್ನು ಮಣ್ಣಿನಿಂದ ಮೇಲೆ ಬಿಟ್ಟು ನೆಟ್ಟರು, ಅದಕ್ಕೆ ಗೆದ್ದಲು ಹಿಡಿಯಿತು, ಮೂರನೆಯದು ಉಳಿಯಿತು. ಗುಲಾಬಿಯ ಕುಂಡ ಬಾವಿಯ ಪಕ್ಕಕ್ಕೆ ಹೋಯಿತು. ಬೇಲಿಯ ಸಂದನ್ನು ಮುಚ್ಚಬೇಕೆಂದು ಕೆಲವರು ಹೇಳಿದರು. ಮೇಷ್ಟ್ರು ಮುಚ್ಚಲಿಲ್ಲ; ಸಂದಿನ ಹತ್ತಿರವೇ ಒಂದು ಕಲ್ಲಿನ ಬಾನಿಯನ್ನು ತಂದಿರಿಸಿ, ಅದಕ್ಕೆ ದಿನವೂ ಬಾವಿಯಿಂದ ಕೈಯಾರೆ ಸೇದಿ ನೀರು ತುಂಬುತ್ತಿದ್ದರು. ಹಾಲಿನವಳ ಹಸು ಮರುವರ್ಷ ಈದಾಗ ಅದರ ಕರುವೂ ಅಲ್ಲಿಗೆ ಬಂತು.

ಬೇಸಗೆಯ ಸಂಜೆಗಳಲ್ಲಿ ಗಿಡಗಳಿಗೆಲ್ಲ ನೀರು ಹಾಕಿ ಮುಗಿಸಿದ ಮೇಲೆ ಅವರು ಇನ್ನೂ ಎರಡು ಕೊಡಗಳನ್ನು ಹೊತ್ತು ಬಚ್ಚಲ ಮನೆಯ ಹಿಂದಕ್ಕೆ ಹೋಗಿ, ಸಿಮೆಂಟಿನ ಮುಚ್ಚಳ ಸರಿಸಿ, ನಿಧಾನವಾಗಿ ಸುರಿಯುತ್ತಿದ್ದರು. ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದವರೊಬ್ಬರು ಕೆಲವು ದಿನ ಇದನ್ನು ಗೋಡೆಯ ಮೇಲಿಂದ ಗಮನಿಸಿ, ಒಮ್ಮೆ ತಡೆಯಲಾರದೆ ಕೇಳಿದರು: "ಅಲ್ಲಿ ಯಾವ ಗಿಡ ನೆಟ್ಟಿದ್ದೀರಿ ಮೇಷ್ಟ್ರೇ? ಇನ್ನೂ ಚಿಗುರಿದ ಹಾಗೆ ಕಾಣಲಿಲ್ಲ."

ಮೇಷ್ಟ್ರು ಕೊಡವನ್ನು ಕೆಳಗಿಟ್ಟು, ಗೋಡೆಯ ಬಳಿಗೆ ಬಂದು ನಿಂತರು. ಪ್ರಶ್ನೆ ಕೇಳಿದವರು ಮುಂದಿನ ಅರ್ಧ ಗಂಟೆ ಅಲ್ಲಿಂದ ಕದಲುವಂತಿರಲಿಲ್ಲ.